ಬುದ್ಧನಿಗೆ ಅಡ್ಡ ಬಂದ ಟ್ಯಾಂಕು

"ಇವತ್ತಿನಿಂದ ಈ ಪಂಪಣ್ಣಗ ಸಿಟ್ಟು ಬಂದ್ರ, ಬ್ಯಾರೆ ಹೆಸರಿಟ್ಟು ಕರೀರಿ ನನ್ನ!"

ಪಂಪಣ್ಣ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಶಹಾಪುರದ ತನ್ನ ಮನೆಯ ಪಡಸಾಲೆಯಲ್ಲಿ, ಚಹಾ ಇನ್ನೂ ಬರಲಿಲ್ಲವೆಂದು ಎರಡು ಸಲ ಸೀಟಿ ಊದಿದ ಮೇಲೆ. ಸೀಟಿ ಅಂದರೆ ನಿಜವಾದ ಸೀಟಿಯೇ! ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. "ಸುರಪುರ, ಸುರಪುರ! ಏ ಡ್ರೈವರ್, ಎಳಿ ಗಾಡಿ!" ಎಂದು ಬಸ್ಸುಗಳನ್ನು ಹೊರದಬ್ಬಿಯೇ ತಲೆ ಹಣ್ಣಾಗಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಸೀಟಿ ವಾಪಸು ಕೇಳುವುದನ್ನು ಮಾತ್ರ ಮರೆತರು. ಆ ಮರೆವನ್ನು ಅಂದಿನಿಂದ ಅನುಭವಿಸುತ್ತಿದ್ದವಳು ಹೆಂಡತಿ ಸುಗಲಮ್ಮ. ರೊಟ್ಟಿ ತಡವಾದರೆ ಒಂದು ಸೀಟಿ, ಸ್ನಾನದ ನೀರು ಕಾಯದಿದ್ದರೆ ಎರಡು.

"ಡಾಕ್ಟರ್ ಏನಂದ್ರು, ಜರಾ ಹೇಳ್ರಿ," ಎಂದಳು ಸುಗಲಮ್ಮ ಚಹಾದ ಕಪ್ಪು ಕುಕ್ಕಿ.

"ಬಿ.ಪಿ. ಜಾಸ್ತಿ ಅದ, ದಿನಾ ಮುಂಜಾನಿ ಅರ್ಧ ತಾಸು ಶಾಂತ ಕುಂದರು ಅಂದಾರ. ಅರ್ಧ ತಾಸು ಯಾಕ? ನಾ ಹದಿನೈದು ನಿಮಿಷದಾಗ ಮುಗಸ್ತೀನಿ!"

ಶಾಂತವಾಗಿ ಕೂರಲು ಶಹಾಪುರದವರಿಗೆ ಏನು ಕೊರತೆ? ಊರ ಬೆಟ್ಟವೇ ಅಂಗಾತ ಮಲಗಿದ ಬುದ್ಧ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಆದರೆ ಸರಿಯಾದ ಜಾಗದಲ್ಲಿ ನಿಂತು ನೋಡಬೇಕು. ಜಾಗ ತಪ್ಪಿದರೆ ಬುದ್ಧ ಮಾಯವಾಗಿ ಬರೀ ಬಂಡೆ ಉಳಿಯುತ್ತದೆ. ಪಂಪಣ್ಣ ಮಾಳಿಗೆಯ ಮೇಲೆ ಕುರ್ಚಿ ಹಾಕಿ, ಅತ್ತ ಸರಿಸಿ ಇತ್ತ ಸರಿಸಿ ಹುಡುಕಿದ. ಪಾದ ಬಂತು, ಹೊಟ್ಟೆ ಬಂತು, ಎದೆಯೂ ಬಂತು. ಮುಖ ಇರಬೇಕಾದಲ್ಲಿ ಪಕ್ಕದ ಮನೆ ದುರಗಪ್ಪನ ನೀರಿನ ಟ್ಯಾಂಕು! ಅವರ ಹಿತ್ತಲಲ್ಲಿ ಹನ್ನೆರಡು ಅಡಿಯ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕರ್ರಗೆ ಕೂತಿತ್ತು. ಶಾಂತಿಮೂರ್ತಿಗೆ ಐನೂರು ಲೀಟರಿನ ತಲೆ!

"ದುರಗಪ್ಪಾ! ನಿನ್ನ ಟ್ಯಾಂಕು ನನ್ನ ಶಾಂತಿಗೆ ಅಡ್ಡ ಬಂದದ. ಮೂರಡಿ ಸರಸು!"

ದುರಗಪ್ಪ ತಣ್ಣನೆಯ ಮನುಷ್ಯ. "ಸರಸೂಣ್ರಿ ಅಣ್ಣಾರ. ಐತವಾರ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕೂದದ. ಅದೊಂದು ಆಗ್ಲಿ, ಸೋಮವಾರ ಮಾಡೂಣು."

ಅಂದು ಗುರುವಾರ. ಸೋಮವಾರಕ್ಕೆ ನಾಲ್ಕು ದಿನ! ಪಂಪಣ್ಣ ಕೆಳಗಿಳಿದು ಬಂದು ಕುದಿಯತೊಡಗಿದ.

"ಬುದ್ಧ ನಮ್ಮ ಮುತ್ತಜ್ಜನ ಕಾಲದಿಂದ ಮಲಗ್ಯಾನ, ಸೋಮವಾರದೊಳಗ ಎದ್ದು ಹೋಗಂಗಿಲ್ಲ," ಎಂದಳು ಸುಗಲಮ್ಮ. "ಅಷ್ಟಕ್ಕೂ ನೋಡೂದಿದ್ರ ಹಿತ್ತಲದಾಗ..."

ಫುರ್‍ರ್! ಸೀಟಿ. "ನಡುವ ಮಾತಾಡಬ್ಯಾಡ! ನಾ ಶಾಂತ ಆಗಾಕತ್ತೇನಿ!"

ಶುಕ್ರವಾರ ಹಲ್ಲು ಕಚ್ಚಿ ಕಳೆದ. ಶನಿವಾರ ಮುಂಜಾನೆ ನಳದ ನೀರು ಬಂತು, ದುರಗಪ್ಪನ ಟ್ಯಾಂಕು ತುಂಬಿತು. ಮುಂದಿನ ನೀರು ಬುಧವಾರವೇ. ದುರಗಪ್ಪ, ಅವನ ಹೆಂಡತಿ ಹನುಮಮ್ಮ ಇಬ್ಬರೂ ಬೀಗರನ್ನು ಕರೆಯಲು ಸುರಪುರದ ಬಸ್ಸು ಹತ್ತಿದರು. ಮನೆಯಲ್ಲಿ ಮಗಳು ರೇವತಿ, ಅವಳ ಕೂಸು ಮಾತ್ರ. ಪಂಪಣ್ಣನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಕಾಣಲಿಲ್ಲ. ನಳ ರಿಪೇರಿಯ ಮರಿಲಿಂಗನನ್ನು ಕರೆಸಿಯೇ ಬಿಟ್ಟ.

ಮರಿಲಿಂಗ ಟ್ಯಾಂಕನ್ನು ಬಡಿದು ನೋಡಿದ. "ತುಂಬೇದ್ರಿ. ಮೊದಲ ನೀರು ಬ್ಯಾರಲ್‌ಗೆ ಇಳಸ್ಬೇಕು. ಮನಿಗೆ ಹೋಗಿ ಪೈಪ್ ತರ್ತೀನಿ. ನಾ ಬರೂತನಕ ಮುಟ್ಟಬ್ಯಾಡ್ರಿ."

"ನನಗೇನು ತಾಳ್ಮಿ ಇಲ್ಲೇನು?"

ತಾಳ್ಮೆ ಇತ್ತು. ನಾಲ್ಕು ನಿಮಿಷ ಇತ್ತು. ಐದನೆಯ ನಿಮಿಷಕ್ಕೆ ಗಡಿಯಾರ ನೋಡಿದ. ಏಳಕ್ಕೆ ಸೀಟಿ ಊದಿದ. ಒಂಬತ್ತನೆಯ ನಿಮಿಷಕ್ಕೆ ಅವನ ಕೈಯಲ್ಲಿ ಹಾರೆ ಇತ್ತು! ಹೆಚ್ಚೇನಿಲ್ಲ, ಸ್ಟ್ಯಾಂಡಿನ ಒಂದೇ ಒಂದು ಕಾಲನ್ನು ಸಡಿಲ ಮಾಡಿಟ್ಟರೆ ಮರಿಲಿಂಗನಿಗೆ ಅನುಕೂಲವಾಗುತ್ತದೆಂಬ ಪರೋಪಕಾರ ಬುದ್ಧಿ ಅಷ್ಟೇ.

ಎರಡು ಹಿತ್ತಲುಗಳ ನಡುವಿನ ಮೋಟು ಗೋಡೆಯ ಈಚೆಯಿಂದಲೇ ಹಾರೆ ಚಾಚಿ ಮೀಟಿದ. ಸ್ಟ್ಯಾಂಡು ಕಿರುಗುಟ್ಟಿತು. ಟ್ಯಾಂಕು ಒಮ್ಮೆ ತಲೆಯಾಡಿಸಿತು. ಪೈಪು ಟಪ್ಪನೆ ಮುರಿಯಿತು. ಮರುಕ್ಷಣ ಟ್ಯಾಂಕು ಮೋಟು ಗೋಡೆ ದಾಟಿ ಪಂಪಣ್ಣನ ಹಿತ್ತಲಿಗೇ ದಯಮಾಡಿಸಿತು! ಐನೂರು ಲೀಟರು ನೀರು ತೆರೆದ ಬಾಗಿಲು ಕಂಡು ನೆಟ್ಟಗೆ ಸುಗಲಮ್ಮನ ಅಡುಗೆ ಮನೆಗೆ ನುಗ್ಗಿತು. ಹಿಟ್ಟಿನ ಡಬ್ಬಿ ತೇಲುತ್ತ ಪಡಸಾಲೆಗೆ ಹೊರಟಿತು. ಪಕ್ಕದ ಮನೆಯಲ್ಲಿ ಕೂಸು ಎದ್ದು, ಸೀಟಿಯನ್ನೂ ನಾಚಿಸುವ ಹಾಗೆ ಕಿರುಚತೊಡಗಿತು.

ಸುಗಲಮ್ಮ ಓಡಿ ಬಂದಳು. ಪಂಪಣ್ಣ ಗೋಡೆಗೊರಗಿ ಕೆಸರಲ್ಲಿ ಕೂತಿದ್ದ. ಅವನ ಕೈಕಾಲು ಮುಟ್ಟಿ ನೋಡಿದಳು.

"ಎಲ್ಲ್ಯಾರ ಪೆಟ್ಟಾತೇನ್ರಿ?"

"ಇಲ್ಲ."

"ಖರೆ?"

"ಖರೆ."

"ಹಂಗಾದ್ರ ಈಗ ಬೈತೀನಿ, ಕೇಳ್ರಿ!"

ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಪಂಪಣ್ಣನಿಗೆ ತಾಗಿದ್ದು ಅದಲ್ಲ. ಗೋಡೆಯಾಚೆ ಕೂಸನ್ನೆತ್ತಿಕೊಂಡು ನಿಂತ ರೇವತಿ ಕೇಳಿದಳು: "ಮಾವಾ, ನಾಳಿ ನಮ್ಮ ಅತ್ತಿಮನಿಯವರು ಅರವತ್ತು ಮಂದಿ ಬರ್ತಾರ. ನೀರಿಗೇನು ಮಾಡೂದು?" ಹುಡುಗಿಯ ಕಣ್ಣು ತುಂಬಿದ್ದವು. ಪಂಪಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸಂಜೆ ಬಂದ ದುರಗಪ್ಪ ಸ್ಟ್ಯಾಂಡು ನೋಡಿದ, ಟ್ಯಾಂಕು ನೋಡಿದ, ಪಂಪಣ್ಣನನ್ನು ನೋಡಿದ.

"ಸೋಮವಾರ ಅಂದಿದ್ನಲ್ರಿ ಅಣ್ಣಾರ."

ಇಷ್ಟೇ. ನಾಲ್ಕು ಏಟು ಹಾಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಟ್ಯಾಂಕು ಒಡೆದಿರಲಿಲ್ಲ, ಪುಣ್ಯ! ಮರಿಲಿಂಗನ ಜೊತೆ ಸೇರಿ ಅದನ್ನು ಮೊದಲಿದ್ದ ಜಾಗದಲ್ಲೇ ಕೂರಿಸಿದ ಪಂಪಣ್ಣ, ಕೊಡ ಹೊತ್ತು ಓಣಿಯ ಕೊನೆಯ ಬೋರಿಗೆ ಹೊರಟ. ಅಲ್ಲಿ ಕೊಡ ಹಿಡಿದು ನಿಂತವರ ಉದ್ದನೆಯ ಪಾಳಿ. ಅಭ್ಯಾಸಬಲದಿಂದ ಮುಂದೆ ನುಗ್ಗಿದ.

"ಕಂಟ್ರೋಲರ್ ಸಾಹೇಬ್ರ, ಪಾಳಿ ಹಚ್ರಿ!" ಎಂದು ಹೆಂಗಸರೆಲ್ಲ ಕೂಗಿದರು. ಪಾಳಿ ಹಚ್ಚಿದ. ಒಂದು ಸಲವಲ್ಲ, ಮೂವತ್ತೆಂಟು ಸಲ! ದುರಗಪ್ಪನ ಬ್ಯಾರಲ್‌ಗಳು ತುಂಬುವ ಹೊತ್ತಿಗೆ ಬಾಯಲ್ಲಿ ಸೀಟಿ ಊದುವಷ್ಟೂ ಉಸಿರು ಉಳಿದಿರಲಿಲ್ಲ.

ಭಾನುವಾರ ತೊಟ್ಟಿಲು ಸಾಂಗವಾಗಿ ನಡೆಯಿತು. ಓಣಿಯನ್ನೆಲ್ಲ ಎಬ್ಬಿಸಿದ್ದ ಕೂಸಿಗೆ ಮೌನೇಶ್ವರಿ ಎಂದು ಹೆಸರಿಟ್ಟರು. ಊಟ ಮುಗಿದ ಮೇಲೆ ಅರವತ್ತು ಮಂದಿಯ ಪಾತ್ರೆಗಳೆಲ್ಲ ಸುಗಲಮ್ಮನ ಹಿತ್ತಲಿಗೆ ಬಂದವು. ಅವಳು ಪಾತ್ರೆ ತಿಕ್ಕುವ ಕಲ್ಲಿನ ಮುಂದೆ ಮಣೆ ಹಾಕಿ ಬೆರಳು ತೋರಿಸಿದಳು. ಪಂಪಣ್ಣ ಕೂತ.

ಮೂರನೆಯ ಬೋಗುಣಿ ತಿಕ್ಕುವಾಗ ಬೆವರು ಒರೆಸಲು ತಲೆ ಎತ್ತಿದ. ಮೋಟು ಗೋಡೆಯ ಮೇಲೆ, ಸ್ಟ್ಯಾಂಡಿನ ಕಾಲುಗಳ ನಡುವೆ, ಹಣೆ, ಮೂಗು, ಗಲ್ಲ, ಎದೆ, ಪಾದ! ಚೌಕಟ್ಟು ಹಾಕಿಸಿದ ಫೋಟೋದ ಹಾಗೆ ಇಡೀ ಬುದ್ಧ ಸಂಜೆ ಬಿಸಿಲಲ್ಲಿ ಮಲಗಿದ್ದ. ಟ್ಯಾಂಕು ಎಲ್ಲೋ ಮೇಲೆ ತನ್ನ ಪಾಡಿಗೆ ತಾನಿತ್ತು.

"ಸುಗಲಾ! ಬುದ್ಧ! ಪೂರ್ತಿ ಬುದ್ಧ!"

"ಹೂಂ. ದಿನಾ ಅಲ್ಲೇ ಇರ್ತಾನ."

"ನಿನಗ ಗೊತ್ತಿತ್ತೇನು?"

"ಇಪ್ಪತ್ತೆಂಟು ವರ್ಷದಿಂದ ಎರಡೂ ಹೊತ್ತು ನೋಡಾಕತ್ತೇನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಾಕ ಬಾಯಿ ತಗದೆ. ನೀವು ಸೀಟಿ ಊದಿದ್ರಿ."

ಮರುದಿನ ಪಂಪಣ್ಣ ಮಾಳಿಗೆಯಿಂದ ಕುರ್ಚಿ ಇಳಿಸಿ ಹಿತ್ತಲಿಗೆ ತಂದ. ಕೂತರೆ, ಸ್ಟ್ಯಾಂಡಿನ ಅಡ್ಡಪಟ್ಟಿ ನೇರ ಬುದ್ಧನ ಮೂಗಿನ ಮೇಲೆ!

"ಮಣಿ ಮ್ಯಾಲ ಕುಂತ್ರಷ್ಟ ಕಾಣ್ತಾನ," ಎಂದಳು ಸುಗಲಮ್ಮ. "ಆ ಜಾಗ ಬೇಕಂದ್ರ ತಿಕ್ಕೂ ಭಾಂಡೀನೂ ನಿಮ್ಮವ. ಆ ಸೀಟಿ ಇತ್ತ ಕೊಡ್ರಿ."

ಈಗ ಪಂಪಣ್ಣ ದಿನಾ ಮುಂಜಾನೆ ಅರ್ಧ ತಾಸು ಬುದ್ಧನ ಎದುರು ಶಾಂತವಾಗಿ ಕೂರುತ್ತಾನೆ. ಬಿ.ಪಿ. ಇಳಿದಿದೆ, ಡಾಕ್ಟರಿಗೆ ಆಶ್ಚರ್ಯ. ಎಂದಾದರೊಮ್ಮೆ ಹದಿನೈದು ನಿಮಿಷಕ್ಕೇ ಮುಗಿಸಿ ಏಳಲು ನೋಡಿದರೆ, ಅಡುಗೆ ಮನೆಯಿಂದ ಸೀಟಿ ಕೇಳುತ್ತದೆ.