ನಲವತ್ತು ಮೀಟರ್ ಆಳದ ಮೈಕು

ಗೊರ್ನಾ ಲೆಸ್ಕಾ ಪುರಸಭೆಯ ಕಡತಗಳ ಪ್ರಕಾರ ಆ ಊರು ಸಮುದ್ರತೀರದಲ್ಲಿದೆ. ಊರಿನವರಿಗೆ ಈ ಬಗ್ಗೆ ತಕರಾರೇನೂ ಇಲ್ಲ. ಪಿರಿನ್ ಬೆಟ್ಟದ ಮಗ್ಗುಲಲ್ಲಿ, ಪೈನ್ ಮರಗಳ ನಡುವೆ ಇರುವ ಆ ಊರಿನವರು ಬಲ್ಗೇರಿಯಾದ ಸ್ವಂತ ಸಮುದ್ರ ನೋಡಬೇಕೆಂದರೆ ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಕೂರಬೇಕು. ಆದರೆ ದೂರ ಭೂಗೋಳಕ್ಕೆ ಸಂಬಂಧಪಟ್ಟದ್ದು, ತೀರ ಆಡಳಿತಕ್ಕೆ ಸಂಬಂಧಪಟ್ಟದ್ದು. ಇವೆರಡನ್ನೂ ಬೆರೆಸಬಾರದೆಂದು ಪುರಸಭೆಯ ಉಪಾಧ್ಯಕ್ಷ ಸ್ಪಾಸ್ ಡ್ರಂದಾರೋವ್ ಅನೇಕ ಸಭೆಗಳಲ್ಲಿ ಸ್ಪಷ್ಟಪಡಿಸಿದ್ದಾರೆ.

ಊರು ಸಮುದ್ರತೀರಕ್ಕೆ ಹೋದದ್ದು ನೆವೆನಾ ಕೊಝುಹರೋವಾ ಒಂದು ಕ್ಯಾಮೆರಾ, ಎರಡು ಮೈಕು ಕೇಳಿದ್ದರಿಂದ.

ನೆವೆನಾ ಊರಿನ ಓದುಮನೆಯ ಕಾರ್ಯದರ್ಶಿ. ಪುಸ್ತಕ ಕೊಡುವುದು, ಕುಣಿತದ ತರಗತಿಗೆ ಬೀಗ ತೆಗೆಯುವುದು, ಚಳಿಗಾಲದಲ್ಲಿ ಒಲೆ ಹೊತ್ತಿಸುವುದು ಎಲ್ಲವೂ ಅವಳದೇ ಕೆಲಸ. ಊರಿನಲ್ಲಿ ಗೆರ್ಗಾ ಎಂಬ ಎಂಬತ್ತೇಳರ ಅಜ್ಜಿ, ವೆಲಿಕಾ ಎಂಬ ಎಂಬತ್ತನಾಲ್ಕರ ಅಜ್ಜಿ ಇದ್ದರು. ಮೂವತ್ತೇಳು ಹಳೆಯ ಕುಯ್ಲಿನ ಹಾಡುಗಳು ಈ ಇಬ್ಬರನ್ನು ಬಿಟ್ಟು ಇನ್ಯಾರಿಗೂ ಬರುತ್ತಿರಲಿಲ್ಲ. ಆ ಹಾಡುಗಳನ್ನು ಒಬ್ಬರೇ ಹಾಡುವಂತಿಲ್ಲ. ಗೆರ್ಗಾ ಹಾಡನ್ನು ಎತ್ತಬೇಕು, ವೆಲಿಕಾ ಕೆಳಗೆ ಶ್ರುತಿ ಹಿಡಿದು ಅಲುಗಾಡದೆ ನಿಲ್ಲಬೇಕು. ತೊಂದರೆಯೆಂದರೆ, ಇಬ್ಬರ ಅಂಗಳಗಳ ನಡುವಿನ ಬೇಲಿಯ ಮೇಲೆ ಬಾಗಿದ ಒಂದು ಅಕ್ರೋಟ ಮರದ ನೆರಳು ಯಾರ ಬೀನ್ಸ್ ಪಾತಿಯನ್ನು ಹಾಳುಮಾಡಿತು ಎಂಬ ವಿಷಯದಲ್ಲಿ ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ನೆವೆನಾ ಒಂದಿಡೀ ಚಳಿಗಾಲ ಎರಡೂ ಮನೆಗೆ ಚೀಸು ತುಂಬಿದ ಬಾನಿತ್ಸಾ ಹೊತ್ತುಕೊಂಡು ಹೋಗಿ ಬಂದಳು. ಕೊನೆಗೆ ಇಬ್ಬರೂ ಒಂದು ಷರತ್ತಿನ ಮೇಲೆ ಒಪ್ಪಿದರು. ಜೊತೆಯಲ್ಲಿ ಹಾಡುತ್ತೇವೆ, ಮಾತಾಡುವುದಿಲ್ಲ.

ಅದೇ ಚಳಿಗಾಲದಲ್ಲಿ ನೆವೆನಾ ಕ್ಯಾಮೆರಾಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದಳು. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸಿಕೊಳ್ಳುತ್ತಾರೆ, ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ ಎಂದು ಅವಳಿಗೆ ಗೊತ್ತಾಯಿತು. ಹಾಗಾಗಿ ಸಾಧಾರಣ ಕ್ಯಾಮೆರಾ ಒಂದು ಸಾಕು, ಅಲುಗದಂತೆ ಮೂರು ಕಾಲಿನ ಸ್ಟ್ಯಾಂಡೊಂದು ಬೇಕು. ಇಬ್ಬರ ದನಿ ಬೇರೆ ಬೇರೆ ಹಿಡಿಯಲು ಕಾಲರಿಗೆ ಸಿಕ್ಕಿಸುವ ಮೈಕು ಎರಡು, ಅಂಗಳದಲ್ಲಿ ಗಾಳಿ ಬೀಸುವುದರಿಂದ ಅವಕ್ಕೆ ರೋಮದ ಟೋಪಿ ಎರಡು, ಕಿವಿಗೆ ಹಾಕಿ ಕೇಳಲು ಒಂದು ಹೆಡ್‌ಫೋನ್. ಇಷ್ಟನ್ನು, ಅಜ್ಜಿಯರ ಷರತ್ತಿನ ಸಮೇತ, ಅರ್ಧ ಪುಟದಲ್ಲಿ ಬರೆದು ಪುರಸಭೆಗೆ ಕೊಟ್ಟಳು.

ಅರ್ಧ ಪುಟದ ಅರ್ಜಿಯನ್ನು ಸ್ವೀಕರಿಸುವ ಪದ್ಧತಿ ಇರಲಿಲ್ಲ. ಆದ್ದರಿಂದ ದೃಶ್ಯ ಮತ್ತು ಶ್ರವಣ ಉಪಕರಣಗಳ ಆಯ್ಕೆ ಸಮಿತಿಯನ್ನು ರಚಿಸಲಾಯಿತು. ಡ್ರಂದಾರೋವ್ ಅಧ್ಯಕ್ಷರು. ತಾಂತ್ರಿಕ ಪರಿಣತರಾಗಿ ಎಂಜಿನಿಯರ್ ಲ್ಯುಬೆನ್ ನೇಮಕಗೊಂಡರು. ಅವರು ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಗೊರ್ನಾ ಲೆಸ್ಕಾದಲ್ಲಿ ಲಿಫ್ಟ್ ಇಲ್ಲದ ಕಾರಣ ಅವರ ಸಮಯಕ್ಕೆ ಯಾರಿಂದಲೂ ಬೇಡಿಕೆ ಇರಲಿಲ್ಲ.

ಮೊದಲ ಸಭೆಯಲ್ಲಿ ನೆವೆನಾ, ಅಜ್ಜಿಯರಿಗೆ ವಯಸ್ಸಾಗಿದೆ, ಉಪಕರಣ ಬರುವವರೆಗೆ ನನ್ನ ಫೋನಿನಲ್ಲೇ ಹಿಡಿದಿಡುತ್ತೇನೆ ಎಂದು ಕೇಳಿಕೊಂಡಳು. ಫೋನು ಸಂಪರ್ಕ ಸಾಧನಗಳ ಪಟ್ಟಿಯಲ್ಲಿ ಬರುತ್ತದೆ, ಅದರಲ್ಲಿ ಹಾಡಿದ್ದನ್ನು ಮಾತುಕತೆ ಎಂದು ಪರಿಗಣಿಸಬೇಕಾಗುತ್ತದೆ, ಅಜ್ಜಿಯರ ನಡುವೆ ಮಾತುಕತೆ ಇಲ್ಲವೆಂದು ಅರ್ಜಿಯಲ್ಲೇ ಬರೆದಿದೆಯಲ್ಲ ಎಂದು ಡ್ರಂದಾರೋವ್ ತೋರಿಸಿಕೊಟ್ಟರು. ಎರಡನೆಯ ಸಭೆಯಲ್ಲಿ ಲ್ಯುಬೆನ್ ನಿಯಮ ೧೪(ಆ) ಓದಿದರು. ಅದರ ಪ್ರಕಾರ ಮೈಕನ್ನು ಆರಿಸುವ ಮುನ್ನ ಹಾಡುಗಾರರ ದನಿಯ ಮಾದರಿಯನ್ನು ಸಲ್ಲಿಸತಕ್ಕದ್ದು, ಆ ಮಾದರಿಯನ್ನು ಆಯ್ಕೆಯಾದ ಮೈಕಿನಲ್ಲೇ ಹಿಡಿದಿರತಕ್ಕದ್ದು. ಈ ನಿಯಮದಲ್ಲಿ ಲೋಪವಿದೆಯೇ ಎಂದು ಸಮಿತಿ ನಾಲ್ಕು ವಾರ ಪರಿಶೀಲಿಸಿತು. ಲೋಪವಿಲ್ಲವೆಂದು ಕಂಡುಬಂದಿತು. ಲ್ಯುಬೆನ್ ಖುದ್ದಾಗಿ ಗೆರ್ಗಾ ಅಜ್ಜಿಯ ಮನೆಗೆ ಹೋಗಿ, ಹಾಡು ಕೇಳಿ, ಬೀನ್ಸ್ ಸೂಪು ಕುಡಿದು ಬಂದು, "ದನಿ ಇದೆ" ಎಂದು ವರದಿ ಬರೆದರು. ಆ ವರದಿಯನ್ನೇ ಮಾದರಿಯೆಂದು ಅಂಗೀಕರಿಸಲಾಯಿತು.

ಇನ್ನು ಉಳಿದದ್ದು ಅನುದಾನ. ಆ ವರ್ಷ ಅರ್ಜಿ ಕರೆದಿದ್ದದ್ದು ಒಂದೇ ನಿಧಿ, ಸಮುದ್ರತೀರ ಪರಂಪರೆ ಪೋಷಣಾ ನಿಧಿ. ಅದರ ನಮೂನೆಯಲ್ಲಿ "ತೀರದಿಂದ ಇರುವ ದೂರ" ಎಂಬ ಕಾಲಮಿತ್ತು. ಡ್ರಂದಾರೋವ್ ಅದರಲ್ಲಿ ಸೊನ್ನೆ ಬರೆದರು.

ಉಪಾಧ್ಯಕ್ಷರೇ, ನಮ್ಮೂರಿಗೆ ಸಮುದ್ರ ಎಲ್ಲಿದೆ ಎಂದು ನೆವೆನಾ ಕೇಳಿದಳು.

"ಯಾವುದರ ತೀರ ಅಂತ ಅವರು ಕೇಳಿಲ್ಲ," ಎಂದರು ಡ್ರಂದಾರೋವ್. "ಪುರಸಭೆ ಹಿಂದೇನೇ ಹಳ್ಳ ಹರಿಯುತ್ತೆ. ಅದಕ್ಕೂ ತೀರ ಇದೆ. ನಾನು ಸುಳ್ಳು ಬರೆಯೋನಲ್ಲ, ನೆವೆನಾ."

ಸಮಿತಿಯವರು ತಲೆಯನ್ನು ಅತ್ತಿತ್ತ ಆಡಿಸಿ ಒಪ್ಪಿಗೆ ಕೊಟ್ಟರು. ಅಲ್ಲಿನವರು ಒಪ್ಪುವುದು ಹಾಗೆಯೇ.

ಎರಡೇ ವಾರದಲ್ಲಿ ಅನುದಾನ ಮಂಜೂರಾಯಿತು. ಆದರೆ ಯಾವ ಉಪಕರಣ ಕೊಳ್ಳಬೇಕೆಂಬುದನ್ನು ನಿಧಿಯೇ ನಿಗದಿಪಡಿಸಿತ್ತು. ನಲವತ್ತು ಮೀಟರ್ ಆಳದವರೆಗೆ ಇಳಿಸಬಹುದಾದ ಕ್ಯಾಮೆರಾ ಒಂದು, ಅಷ್ಟೇ ಆಳದ ಸದ್ದು ಹಿಡಿಯುವ ಮೈಕು ಒಂದು. ತನ್ನ ಪಟ್ಟಿಯನ್ನು ಹಿಡಿದುಕೊಂಡು ನೆವೆನಾ ಮತ್ತೆ ಹೋದಳು. ಲ್ಯುಬೆನ್ ಅವಳಿಗೆ ಸಮಾಧಾನ ಹೇಳಿದರು. ನೀರಿನೊಳಗೇ ಕೇಳಿಸುವ ಮೈಕಿಗೆ ಗಾಳಿಯಲ್ಲಿ ಕೇಳಿಸುವುದು ಯಾವ ಲೆಕ್ಕ, ಕಷ್ಟದ ಕೆಲಸ ಮಾಡಬಲ್ಲದ್ದು ಸುಲಭದ್ದನ್ನು ಮಾಡದೇ ಇರುತ್ತದೆಯೇ ಎಂಬುದು ಅವರ ತಾಂತ್ರಿಕ ಅಭಿಪ್ರಾಯವಾಗಿತ್ತು.

ಜೂನ್ ತಿಂಗಳಲ್ಲಿ ಉಪಕರಣ ಬಂತು. ಗೆರ್ಗಾ ಅಜ್ಜಿಯ ಅಂಗಳದಲ್ಲಿ ಪರೀಕ್ಷೆ ಏರ್ಪಾಡಾಯಿತು. ಅಜ್ಜಿಯರು ಸೊಂಟಕ್ಕೆ ಕೆಂಪು ಉಡಿವಸ್ತ್ರ ಕಟ್ಟಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಬೆಂಚಿನ ಎರಡು ತುದಿಯಲ್ಲಿ ಕೂತರು. ಗೆರ್ಗಾ ಹಾಡು ಎತ್ತಿದಳು. ವೆಲಿಕಾಳ ದನಿ ಅದರ ಕೆಳಗೆ ಬಂದು ಕೂತಿತು, ಕಲ್ಲಿನ ಅಡಿಪಾಯದ ಹಾಗೆ. ಒಂಬತ್ತು ವರ್ಷದ ಮೇಲೆ ಆ ಸದ್ದು ಕೇಳಿ ಪಕ್ಕದ ಮನೆಯವರು ಕೆಲಸ ಬಿಟ್ಟು ಬೇಲಿಗೆ ಬಂದು ನಿಂತರು. ನೆವೆನಾ ನಿಯಮ ಮೀರಿ ಕಿಟಕಿಯ ಮೇಲೆ ಫೋನನ್ನು ಇಟ್ಟಿದ್ದಳು.

ಹಾಡು ಮುಗಿದಾಗ ಲ್ಯುಬೆನ್ ಹೆಡ್‌ಫೋನ್ ತೆಗೆದು, ಅಜ್ಜಿಯರು ಯಾವಾಗ ಶುರುಮಾಡುತ್ತಾರೆ ಎಂದು ಕೇಳಿದರು. ಮೈಕಿಗೆ ಏನೂ ಕೇಳಿಸಿರಲಿಲ್ಲ. ಅದಕ್ಕೆ ಗಾಳಿಯ ಪರಿಚಯವೇ ಇರಲಿಲ್ಲ.

ನೆವೆನಾ ಫೋನಿನಲ್ಲಿದ್ದ ಹಾಡನ್ನು ನಿಧಿಗೆ ಕಳಿಸಿದಳು. ಅದು ಎಲೆ ಅಲುಗಿದ್ದೂ ಕೇಳುವಷ್ಟು ಚೆನ್ನಾಗಿ ಬಂದಿತ್ತು. ಹತ್ತು ದಿನಕ್ಕೆ ಉತ್ತರ ಬಂತು: "ಪರಿಶೀಲಿಸಲಾಗಿ, ಸದರಿ ಧ್ವನಿಯಲ್ಲಿ ನೀರಿನ ಅಂಶ ಕಂಡುಬಂದಿರುವುದಿಲ್ಲ. ಮಂಜೂರಾದ ಉಪಕರಣಗಳನ್ನು ನೀರಿನೊಳಗೆ ಬಳಸಿದ ಬಗ್ಗೆ ಪ್ರಮಾಣಪತ್ರವನ್ನು ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಉಪಕರಣಗಳನ್ನೂ, ಓದುಮನೆಯ ಪರವಾನಗಿಯನ್ನೂ ಹಿಂಪಡೆಯಲಾಗುವುದು."

ಓದುಮನೆ ಮುಚ್ಚಿದರೆ ನೆವೆನಾಳ ಕೆಲಸ ಹೋಗುತ್ತಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ಚಳಿಗಾಲದಲ್ಲಿ ಊರಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂರುವ ಬೆಚ್ಚಗಿನ ಜಾಗವೇ ಇಲ್ಲವಾಗುತ್ತಿತ್ತು. ಡ್ರಂದಾರೋವ್ ತುರ್ತು ಸಭೆ ಕರೆದು, ಉಪಕರಣ ಗಾಳಿಗೆ ಬರಲಾಗದಿದ್ದರೆ ಹಾಡುಗಾರರು ನೀರಿಗೆ ಹೋಗುವುದೇ ದಾರಿ ಎಂದು ತೀರ್ಮಾನಿಸಿ, ಪಕ್ಕದ ಊರಿನ ಬಿಸಿನೀರಿನ ಕೊಳವನ್ನು ಗೊತ್ತುಮಾಡಿದರು. ಈ ತೀರ್ಮಾನ ತಿಳಿಸುವ ಹೊಣೆ ನೆವೆನಾಳ ಮೇಲೆ ಬಿತ್ತು.

"ನನ್ನನ್ನು ಒಂದು ಸಲ ನೀರಿನಲ್ಲಿ ಮುಳುಗಿಸಿದಾರೆ," ಎಂದಳು ಗೆರ್ಗಾ ಅಜ್ಜಿ. "ಹೆಸರಿಡುವಾಗ, ಚರ್ಚಿನಲ್ಲಿ. ಅದು ಸಾಕು ಮಗಳೇ."

ವೆಲಿಕಾ ಅಜ್ಜಿ ಬೇಲಿಯಾಚೆ ಈರುಳ್ಳಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಗೆರ್ಗಾಳಿಗೆ ಹೇಳುವಂತಿಲ್ಲವಾದ್ದರಿಂದ ನೆವೆನಾಳಿಗೆ ಹೇಳಿದಳು. "ಪ್ಲಮ್ ಹಣ್ಣು ಬೇಯಿಸೋ ತಾಮ್ರದ ಹಂಡೆ ನನ್ನ ಹತ್ರ ಇದೆ. ಅವರ ಯಂತ್ರಾನ ಅದರೊಳಗೆ ಮುಳುಗಿಸಲಿ. ಹಾಡೋರು ಯಾಕೆ ಮುಳುಗಬೇಕು?"

ಹೀಗೆ ಜುಲೈ ಮೊದಲ ಶನಿವಾರ ಅಂಗಳದ ನಡುವೆ ಹಂಡೆ ಇಟ್ಟು ನೀರು ತುಂಬಿಸಿದರು. ತಳದಲ್ಲಿ ಕ್ಯಾಮೆರಾ, ಅದರ ಪಕ್ಕ ಮೈಕು. ಅಜ್ಜಿಯರು ಎದುರುಬದುರು ಸ್ಟೂಲಿನ ಮೇಲೆ ಕೂತು, ಮೂಗು ನೀರಿಗೆ ತಾಗುವಷ್ಟು ಬಾಗಿದರು. ಹಂಡೆಯ ಬಾಯಿ ಎರಡು ತಲೆಗೆ ಸಾಲುವಷ್ಟು ಅಗಲವಿರಲಿಲ್ಲ. ಹಣೆಗೆ ಹಣೆ ಬಡಿಯಿತು.

"ನಿನ್ನ ತಲೆ ಸ್ವಲ್ಪ ಆಚೆ ಸರಿಸೇ," ಎಂದಳು ಗೆರ್ಗಾ.

ಅದು ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು. ಲ್ಯುಬೆನ್‌ಗೂ ಅರ್ಥವಾಯಿತು.

"ಸರಿಸ್ತೀನಿ," ಎಂದಳು ವೆಲಿಕಾ. "ಮೊದಲು ಆ ಅಕ್ರೋಟದ ಕೊಂಬೆ ಕಡಿಸು."

"ಕಡಿಸ್ತೀನಿ ಬಿಡೇ. ಈಗ ಶ್ರುತಿ ಹಿಡಿ."

ಮೂವತ್ತೇಳು ಹಾಡುಗಳೂ ಮೂರು ದಿನದಲ್ಲಿ ಮುಗಿದವು. ಮೈಕಿನಲ್ಲಿ ಬಂದದ್ದು ಕರಡಿಯೊಂದು ದೂರದ ಕೋಣೆಯಲ್ಲಿ ಬಾಯಿ ಮುಕ್ಕಳಿಸಿದ ಹಾಗಿತ್ತು. ಕ್ಯಾಮೆರಾದಲ್ಲಿ ಎರಡು ಗಲ್ಲಗಳೂ, ನಾಲ್ಕು ಮೂಗಿನ ಹೊಳ್ಳೆಗಳೂ, ಅವುಗಳ ಆಚೆ ಅಲೆಯಾಡುವ ಆಕಾಶವೂ ಕಂಡವು. ನಿಧಿಯವರು ಎಲ್ಲವನ್ನೂ ಅಂಗೀಕರಿಸಿ, ನೀರಿನ ಅಂಶ ತೃಪ್ತಿಕರವಾಗಿದೆ ಎಂದು ಷರಾ ಬರೆದರು.

ಆಮೇಲೆ ಕೆಲಸ ತಾನಾಗಿಯೇ ನಡೆಯಿತು. ರಾಜಧಾನಿಯಿಂದ ವಿದ್ವಾಂಸರೊಬ್ಬರು ಬಂದು ಆ ಚಿತ್ರ ನೋಡಿ, ತೀರವಾಸಿಗಳು ಮೀನನ್ನು ಕರೆಯಲು ಹಂಡೆಗೆ ಬಾಗಿ ಹಾಡುತ್ತಿದ್ದ ಪ್ರಾಚೀನ ಪದ್ಧತಿ ಇದೆಂದು ಲೇಖನ ಬರೆದರು. ಗೋದಿ ಕುಯ್ಯುವ ಹಾಡಿನಲ್ಲಿ ಮೀನು ಎಲ್ಲಿದೆ ಎಂದು ನೆವೆನಾ ಕೇಳಿದಾಗ, ಅದು ಇಲ್ಲದಿರುವುದೇ ಅದರ ಪ್ರಾಚೀನತೆಗೆ ಸಾಕ್ಷಿ ಎಂದರು. ಹಂಡೆಯ ಹಾಡು ರಾಷ್ಟ್ರೀಯ ಪಟ್ಟಿಗೆ ಸೇರಿತು. ಹಾಡನ್ನು ಕಲಿಸುವ ಓದುಮನೆಗಳು ಪ್ರತಿ ಇಬ್ಬರಿಗೆ ಒಂದು ಹಂಡೆ ಇಟ್ಟಿರತಕ್ಕದ್ದು, ನೀರು ಇಪ್ಪತ್ತೆರಡು ಡಿಗ್ರಿಗಿಂತ ತಣ್ಣಗಿರತಕ್ಕದ್ದಲ್ಲ ಎಂದು ಸುತ್ತೋಲೆ ಹೊರಟಿತು. ಡ್ರಂದಾರೋವ್ ಊರ ಬಾಗಿಲಿಗೆ ಲಂಗರಿನ ಚಿತ್ರವಿರುವ ಬೋರ್ಡು ಹಾಕಿಸಿದರು. ಟೀವಿಯವರು ಬಂದಾಗ ಗೆರ್ಗಾ ಅಜ್ಜಿ, ನಮ್ಮ ಅಜ್ಜಿಯ ಅಜ್ಜಿ ಕಾಲದಿಂದಲೂ ಹಂಡೆಯಲ್ಲೇ ಹಾಡುತ್ತಿದ್ದೆವು ಎಂದು ಕಣ್ಣು ಮಿಟುಕಿಸದೆ ಹೇಳಿದಳು.

ಅಂದು ಸಂಜೆ ನೆವೆನಾ ಅವಳ ಅಡುಗೆಮನೆಗೆ ಹೋಗಿ, ಯಾಕಜ್ಜಿ ಹಾಗೆ ಹೇಳಿದೆ ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿತ್ತು. ವೆಲಿಕಾ ಅಜ್ಜಿಯೂ ಅಲ್ಲೇ ಕೂತು ದೊಣ್ಣೆ ಮೆಣಸಿನಕಾಯಿ ಸುಡುತ್ತಿದ್ದಳು. ಆಗೀಗ ಇಬ್ಬರೂ ಅಲ್ಲೇ ಊಟ ಮಾಡುತ್ತಿದ್ದರು.

"ಹೊಲದಲ್ಲಿ ನಿಂತು ಹಾಡ್ತಿದ್ದಾಗ ಯಾವ ಹುಡುಗಿ ಬಂದು ಕಲಿಸು ಅಂದ್ಲು, ಹೇಳು," ಎಂದಳು ಗೆರ್ಗಾ. "ನನ್ನ ಮಗಳೂ ಅನ್ನಲಿಲ್ಲ. ಈಗ ಹಂಡೆ ಇದೆ ಅಂತ ಹದಿನಾಲ್ಕು ಜನ ಬರ್ತಾರೆ. ಹಾಡು ಅದೇ ಅಲ್ವಾ ಮಗಳೇ?"

"ಸ್ವಲ್ಪ ಒದ್ದೆ ಆಗುತ್ತೆ ಅಷ್ಟೆ," ಎಂದಳು ವೆಲಿಕಾ.

ನೆವೆನಾ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯಲು ಕೈಹಾಕಿದಳು.

ಮರುದಿನ ಓದುಮನೆಯಲ್ಲಿ ತರಗತಿ ಇತ್ತು. ಏಳು ಹಂಡೆಗಳನ್ನು ಸಾಲಾಗಿ ಇಟ್ಟಿದ್ದರು. ಸುತ್ತೋಲೆಯ ಪ್ರಕಾರ ಕಾರ್ಯದರ್ಶಿಯೇ ನೀರನ್ನು ಪರೀಕ್ಷಿಸಿ ಸಹಿ ಮಾಡಬೇಕಿತ್ತು. ನೆವೆನಾ ತೋಳು ಮಡಿಸಿಕೊಂಡು, ಎಳೆಗೂಸಿಗೆ ನೀರು ಹದ ನೋಡುವವರ ಹಾಗೆ ಒಂದೊಂದರಲ್ಲೂ ಮೊಣಕೈ ಅದ್ದಿದಳು. ಕೊನೆಯದು ಸ್ವಲ್ಪ ತಣ್ಣಗಿತ್ತು. ಕೆಟಲಿನಿಂದ ಒಂದಿಷ್ಟು ಬಿಸಿನೀರು ಸುರಿದು ಕದಡಿದಳು.

"ಸರಿ ಇದೆ," ಎಂದಳು. "ಬಗ್ಗಿ ಮಕ್ಕಳೇ."

ಹದಿನಾಲ್ಕು ತಲೆಗಳು ಬಗ್ಗಿದವು.