ಎಂಟರ ನಡುವೆ ನೆಲಕ್ಕಿಳಿದ ಎಡಗಾಲಿಗೆ

ಇಂದ:
ಮುನಿರತ್ನಮ್ಮ,
ಸೊಪ್ಪಿನ ವ್ಯಾಪಾರ, ಗಾಂಧಿಬಜಾರ್, ಬಸವನಗುಡಿ.

ಗೆ:
ನನ್ನ ಎಡಗಾಲು,
ಇದೇ ವಿಳಾಸ.

ವಿಷಯ: ಬರುವ ಶುಕ್ರವಾರದ ಸ್ಕೂಟರ್ ಪರೀಕ್ಷೆಯಲ್ಲಿ ತಾವು ನೆಲ ಮುಟ್ಟದಿರುವ ಬಗ್ಗೆ.

ಉಲ್ಲೇಖ: ಆಷಾಢಕ್ಕೆ ಮುಂಚೆ, ಆರ್‌ಟಿಓ ಮೈದಾನದಲ್ಲಿ ಎಂಟು ಹಾಕುವಾಗ ತಾವು ಮಾಡಿದ ಕೆಲಸ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಿಟ್ಟಿನಿಂದಲೇ ತಿಳಿಸುವುದೇನೆಂದರೆ,

1. ಬೆಳಗಿನ ಜಾವ ಮಾರ್ಕೆಟ್ಟಿನಿಂದ ಸೊಪ್ಪು ತರಲು ನಾನು ಮೈದುನ ಮುನಿರಾಜನ ಬೈಕನ್ನು ನಂಬಿದ್ದೇನೆ. ಅವನು "ಕಾಫಿ ಕುಡ್ದು ಬಂದ್ಬಿಟ್ಟೆ ಅತ್ಗೆ" ಎಂದು ಫೋನ್ ಇಡುತ್ತಾನೆ. ನಾವು ತಲುಪುವಷ್ಟರಲ್ಲಿ ಒಳ್ಳೆಯ ಕೊತ್ತಂಬರಿ ಬೇರೆಯವರ ಮೂಟೆ ಸೇರಿರುತ್ತದೆ. ಉಳಿದದ್ದನ್ನು ತಂದರೆ ಗಿರಾಕಿ ಶೈಲಜಮ್ಮನವರು "ಇದೇನಮ್ಮ, ನಿನ್ನೇದಾ?" ಎನ್ನುತ್ತಾರೆ. ಮುಂದಿನ ತಿಂಗಳಿಂದ ಮುನಿರಾಜನಿಗೆ ಬೆಳಗಿನ ಡ್ಯೂಟಿ. ದಿನಾ ಆಟೋ ಹಿಡಿದರೆ ನಾನು ಆಟೋದವನಿಗೆ ದುಡಿದಂತೆ. ಆದ್ದರಿಂದ ನಾನೇ ಸ್ಕೂಟರ್ ಓಡಿಸಬೇಕು, ಇಲ್ಲವೇ ವ್ಯಾಪಾರ ಬಿಡಬೇಕು.

2. ಪರೀಕ್ಷೆಯ ದಿನ ಅರ್ಧ ಎಂಟು ಸರಿಯಾಗಿಯೇ ಬಂದಿತ್ತು. ಬೇಲಿಯಾಚೆಯಿಂದ ಮುನಿರಾಜ "ನಿಧಾನ ಅತ್ಗೆ, ನಿಧಾನ" ಎಂದು ಕೂಗಿದ. "ಬಾಯ್ಮುಚ್ಕೊಂಡ್ ನಿಂತ್ಕೊಳೋ" ಎಂದು ಹೇಳಬೇಕಾಯಿತು. ನಾನು ಬೈಯುವಾಗ ನೆಲಕ್ಕೆ ಊರುವುದು ತಮ್ಮ ಹಳೆಯ ಅಭ್ಯಾಸ. ಬ್ರೇಕ್ ಇನ್ಸ್‌ಪೆಕ್ಟರ್ "ಕಾಲಿಟ್ರಿ. ನೆಕ್ಸ್ಟ್ ಬನ್ನಿ" ಎಂದರು. ಸಾಲಿನಲ್ಲಿದ್ದ ಹುಡುಗಿ "ಪರ್ವಾಗಿಲ್ಲ ಆಂಟಿ" ಎಂದಳು. ಅವಳಿಗೂ ಹೇಳಬೇಕಾಯಿತು.

3. ಆಮೇಲೆ ಮರುಪರೀಕ್ಷೆಗೆ ತಾವು ಹೊರಡಲೇ ಇಲ್ಲ. ಆಷಾಢ ಎಂದಿರಿ. ವರಮಹಾಲಕ್ಷ್ಮಿ ವ್ಯಾಪಾರ ಎಂದಿರಿ. ಗೌರಿಹಬ್ಬ ಎಂದಿರಿ. ಆಯುಧಪೂಜೆಗೆ, ಮನೆ ಮುಂದೆ ನಿಂತೇ ಇದ್ದ ನನ್ನ ಸ್ಕೂಟರ್ ತೊಳೆದು ಚಕ್ರದಡಿ ನಿಂಬೆಹಣ್ಣು ಇಟ್ಟೆ. ಬೀದಿಯಲ್ಲಿ ಎಲ್ಲರ ಹಣ್ಣೂ ಅಪ್ಪಚ್ಚಿಯಾಯಿತು. ನನ್ನದು ದೀಪಾವಳಿ ಕಳೆದರೂ ಚಕ್ರದಡಿಯೇ ಒಣಗಿ ಕಲ್ಲಾಗಿ ಕೂತಿತ್ತು. ಹಾಲಿನವನೂ ಅದನ್ನು ದಾಟಿಕೊಂಡೇ ಓಡಾಡಿದ.

4. ಕಳೆದ ಭಾನುವಾರ ಕಸ ಗುಡಿಸುವಾಗ ಪೊರಕೆಗೆ ಆ ಹಣ್ಣು ತಗುಲಿತು. ಪೊರಕೆ ಎಸೆದು, ಗಾಡಿ ತೆಗೆದು, ಮುನಿರಾಜನನ್ನು ಎಬ್ಬಿಸಿಕೊಂಡು ಖಾಲಿ ಮೈದಾನಕ್ಕೆ ಹೋದೆ. ಬಿದ್ದೆ. ಎದ್ದು ಹತ್ತಿ ಮತ್ತೆ ಬಿದ್ದೆ. ಮೂರನೇ ಸಲ ಹತ್ತಿದಾಗ ಅವನು "ನಿಧಾನ" ಎಂದ. ಅವನಿಗೆ, ಅವನ ಕಾಫಿಗೆ, ಬಾಡಿದ ಕೊತ್ತಂಬರಿಗೆ, ಎಲ್ಲಕ್ಕೂ ಸೇರಿಸಿ ಬೈಯುತ್ತಾ ಸುತ್ತಿದೆ. ಬೈಗುಳ ಮುಗಿದಾಗ ಎಂಟೂ ಮುಗಿದಿತ್ತು. "ಅತ್ಗೆ, ಕಾಲೇ ಇಡ್ಲಿಲ್ವಲ್ಲ" ಎಂದ ಮುನಿರಾಜ. ನನಗೂ ಆಗಲೇ ಗೊತ್ತಾದದ್ದು.

ಎಲ್‌ಎಲ್‌ಆರ್ ಅವಧಿ ಮುಗಿಯುತ್ತಾ ಬಂದಿರುವ ಕಾರಣ, ಹಾಗೂ ಶುಕ್ರವಾರವೂ ಮುನಿರಾಜ ಬೇಲಿಯಾಚೆ ನಿಂತು ಕೂಗುವುದು ಖಚಿತವಾದ ಕಾರಣ, ಬಾಯಿ ಮುಚ್ಚಿಕೊಂಡಿರುತ್ತೇನೆಂಬ ಭರವಸೆ ನಾನು ಕೊಡಲಾರೆ. ಆದ್ದರಿಂದ ನನ್ನ ಮಾತು ಮುಗಿಯುವವರೆಗೆ ತಾವು ಮೇಲೆಯೇ ಇರಬೇಕಾಗಿ ಕೋರುತ್ತೇನೆ.

ತಮ್ಮ ಮೇಲೆಯೇ ನಿಂತಿರುವ,
ಮುನಿರತ್ನಮ್ಮ

ಅಡಕಗಳು: ಎಲ್‌ಎಲ್‌ಆರ್ ಪ್ರತಿ, ತರಚಿದ ಮಂಡಿ (ತಮಗೆ ಈಗಾಗಲೇ ಜೋಡಿಸಿದೆ), ಒಣಗಿದ ನಿಂಬೆಹಣ್ಣು.

ವಿ.ಸೂ.: ಪಾಸಾದ ದಿನ ಹೊಸ ನಿಂಬೆಹಣ್ಣು ಇಡಲಾಗುವುದು. ಅದರ ಮೇಲೆ ಗಾಡಿ ಹತ್ತಿಸುವಾಗಲೂ ಇಳಿಯಕೂಡದು.