ಯಾನ್ ಸರ್‌ಗೆ ನಾನು ಕಲಿಸಿದ ‘ಬೇಡ’

‘ಬೇಡ’ ಎನ್ನುವ ಕಲೆಯಲ್ಲಿ ಶಂಕರಪುರದಿಂದ ಮಣಿಪಾಲದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಯಾರ ಮನೆಗೆ ಹೋದರೂ, ಚಹಾ ಬೇಡ, ಈಗಷ್ಟೇ ಕುಡಿದು ಬಂದೆ ಎನ್ನುತ್ತೇನೆ. ಅವರು ಮತ್ತೆ ಕೇಳುತ್ತಾರೆ. ನಿಮಗೆ ಸುಮ್ಮನೆ ತೊಂದರೆ ಎನ್ನುತ್ತೇನೆ. ಆಮೇಲೆ ಅವರು ಕೇಳುವುದಿಲ್ಲ, ತಂದೇ ಇಡುತ್ತಾರೆ. ನಾನು ಎರಡು ಲೋಟ ಕುಡಿದು ಬರುತ್ತೇನೆ. ಅರ್ಧ ಆಯುಷ್ಯ ಕಳೆದರೂ ಈ ಪದ್ಧತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಯಾನ್ ಸರ್ ಬರುವ ತನಕ.

ನಾನಿರುವುದು ಮಣಿಪಾಲದ ಒಂದು ಕಚೇರಿಯಲ್ಲಿ. ಹಾಲೆಂಡಿನ ಆಸ್ಪತ್ರೆಗಳ ಬಿಲ್ಲುಗಳನ್ನು ಇಲ್ಲಿ ಕುಳಿತು ನೋಡಿಕೊಳ್ಳುವುದು ನಮ್ಮ ಕೆಲಸ. ಯಾನ್ ಅಲ್ಲಿಂದಲೇ ಬಂದ ಹೊಸ ಮ್ಯಾನೇಜರ್. ಎಷ್ಟು ಎತ್ತರವೆಂದರೆ ಮೊದಲ ದಿನವೇ ಕ್ಯಾಂಟೀನಿನ ಬಾಗಿಲಿಗೆ ಹಣೆ ಚಚ್ಚಿಕೊಂಡರು. ಸರ್ ಎನ್ನಬೇಡಿ, ಯಾನ್ ಎಂದರೆ ಸಾಕು ಎಂದರು. ಮೇಲಿನವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ರಾಜಿ ಮಾಡಿಕೊಂಡು ‘ಯಾನ್ ಸರ್’ ಎಂದೆ.

ನಮ್ಮ ಟೀಮ್ ಲೀಡರ್ ಕೆಲಸ ಬಿಟ್ಟು ದುಬೈಗೆ ಹೋಗಿದ್ದರಿಂದ ಆ ಜಾಗ ಖಾಲಿ ಇತ್ತು. ಅದು ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಗಂಭೀರವಾಗಿ ತಲೆಯಾಡಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಯಾನ್ ಸರ್ ಒಳಗೆ ಕರೆದು ನೇರವಾಗಿ ಕೇಳಿಯೇಬಿಟ್ಟರು.

“ಫಿಲೋಮಿನಾ, ಟೀಮ್ ಲೀಡರ್ ಆಗಲು ನಿಮಗೆ ಇಷ್ಟವೇ?”

ಹೆಣ್ಣು ನೋಡಲು ಬಂದ ಗಂಡೇ ಎಲ್ಲರೆದುರು “ನಾನು ಇಷ್ಟವಾ?” ಎಂದ ಹಾಗಾಯಿತು! ಮರ್ಯಾದಸ್ಥರು ಏನು ಹೇಳುತ್ತಾರೋ ಅದನ್ನೇ ಹೇಳಿದೆ. “ಅಯ್ಯೋ, ನನಗ್ಯಾಕೆ ಸರ್ ಅದೆಲ್ಲ? ಬೇರೆ ಯಾರಿಗಾದರೂ ಕೊಡಿ.”

“ಸರಿ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್.”

ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎರಡನೆಯ ಸಲ ಕೇಳಬೇಕಲ್ಲ! ಅವರು ಲ್ಯಾಪ್‌ಟಾಪಿನಲ್ಲಿ ಮುಳುಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಇನ್ನೇನಾದರೂ ಬೇಕಿತ್ತೇ ಎಂದರು. ಏನೂ ಬೇಡ ಎಂದೆ.

ಮನೆಯಲ್ಲಿ ಆಲ್ಬರ್ಟ್‌ಗೆ ಹೇಳಿದೆ. ಆಲ್ಬರ್ಟ್ ನನ್ನ ಗಂಡ. ಕುವೈತಿನಲ್ಲಿ ನಾನಾ ದೇಶದವರ ಜೊತೆ ದುಡಿದು ಬಂದವರು.

“ನಾಳೆ ಹೋಗಿ ಬೇಕು ಅಂತ ಹೇಳು ಮಾರಾಯ್ತಿ.”

“ಬಾಯಿಬಿಟ್ಟು ಕೇಳುವುದಾ? ಜನ ಎಂತ ಹೇಳಿಯಾರು?”

“ಟೀಮ್ ಲೀಡರ್ ಅಂತ ಹೇಳಿಯಾರು.”

ಅದು ನನ್ನಿಂದಾಗದ ಮಾತು. ಆದರೆ ಪಕ್ಕದ ಸೀಟಿನ ಶ್ವೇತಾ, ಪ್ರಶ್ನೆ ಮುಗಿಯುವ ಮೊದಲೇ ‘ಯೆಸ್’ ಎನ್ನುವ ಹುಡುಗಿ. ಅವಳನ್ನು ಒಳಗೆ ಕರೆದರೆ ನನ್ನ ಕಥೆ ಮುಗಿಯಿತು. ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದೆ. ಯಾನ್ ಸರ್‌ಗೆ ನಮ್ಮ ‘ಬೇಡ’ವನ್ನು ಊಟದ ಮೂಲಕ ಬೋಧಿಸುವುದು!

ಭಾನುವಾರ ಹನ್ನೆರಡೂವರೆಗೆ ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದಿದ್ದೆ. ಹನ್ನೆರಡೂವರೆ ಎಂದರೆ ಒಂದೂವರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಗೇಟು ತೆಗೆಯುವಾಗ ನಾನು ನೈಟಿಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ.

ಅಂತೂ ನೀರುದೋಸೆ, ಕೋಳಿ ಸಾರು ಮೇಜಿಗೆ ಬಂದವು. ಹೊಟ್ಟೆ ತುಂಬ ತಿಂದು, ಸಾಕು ಎಂದರು. ಇನ್ನೊಂದು ದೋಸೆ ಹಾಕಿದೆ. ಅದನ್ನೂ ತಿಂದು, ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ನಾನು ಬಿಡುವವಳೇ? ದೋಸೆ ಅವರ ಕೈಯ ಮೇಲೆ ಬಿತ್ತು.

ಅವರು ಕೈಯನ್ನೂ ನನ್ನನ್ನೂ ನೋಡಿದರು. ಪಾಠಕ್ಕೆ ಇದೇ ಮುಹೂರ್ತ ಎಂದು ಶುರು ಮಾಡಿದೆ. “ನಮ್ಮ ಕಡೆ ಮೊದಲ ಬೇಡ ಮರ್ಯಾದೆಗೆ ಸರ್, ಎರಡನೆಯದು ಅಭ್ಯಾಸಕ್ಕೆ. ಬಡಿಸುವವರು ಅದನ್ನು ಕೇಳುತ್ತಾ ನಿಲ್ಲಬಾರದು. ಬಡಿಸಿಬಿಡಬೇಕು.”

ಯಾನ್ ಸರ್ ದೋಸೆಯನ್ನು ತಟ್ಟೆಗಿಳಿಸಿ ಯೋಚಿಸಿದರು. “ಹಾಗಾದರೆ ಆ ದಿನ ಟೀಮ್ ಲೀಡರ್ ಕೆಲಸ ಬೇಡ ಎಂದಿರಲ್ಲ, ಅದು?”

ಆಲ್ಬರ್ಟ್ ಮೇಜಿನಡಿ ನನ್ನ ಕಾಲು ಒತ್ತಿದರು. ಇದೇ ಗಳಿಗೆಗಾಗಿ ಒಂದು ಇಡೀ ಕೋಳಿ ಪ್ರಾಣ ಕೊಟ್ಟಿತ್ತು. ನಾನು ಬಾಯಿ ತೆರೆದೆ.

“ಛೆ ಛೆ, ಅದು ಬೇರೆ ಸರ್. ನನಗ್ಯಾಕೆ ಅದೆಲ್ಲ?”

ಆಲ್ಬರ್ಟ್ ಸಾರಿನ ಪಾತ್ರೆ ಹಿಡಿದು ಅಡುಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಯಾನ್ ಸರ್ ಎದ್ದು ನಿಂತರು. “ಹೊಸ ಟೀಮ್ ಲೀಡರ್ ಫಿಲೋಮಿನಾ. ನಾನು ಅವರನ್ನು ಮತ್ತೆ ಕೇಳಿಲ್ಲ. ಬಡಿಸಿದ್ದೇನೆ.”

ಚಪ್ಪಾಳೆ ಬಿತ್ತು. ಅಯ್ಯೋ ಬೇಡ ಸರ್, ಬೇಡ ಸರ್ ಎಂದು ನಾನು ಶಾಸ್ತ್ರೋಕ್ತವಾಗಿ ನಾಚಿದೆ. ಒಂದೊಂದು ಬೇಡಕ್ಕೂ ಅವರು ಸಂತೋಷದಿಂದ ತಲೆಯಾಡಿಸಿದರು. ನನ್ನ ಬೋಧನೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

“ಇನ್ನೊಂದು ವಿಷಯ,” ಎಂದರು. ಕ್ರಿಸ್ಮಸ್‌ಗೆ ಹಾಲೆಂಡಿನ ಕಚೇರಿಗೆಲ್ಲ ರಜೆಯಂತೆ. ಆಗ ಇಲ್ಲಿ ಯಾರಾದರೂ ಒಬ್ಬರು ಕೂರಬೇಕಂತೆ. ಟೀಮ್ ಲೀಡರ್ ಕೂತರೆ ಒಳ್ಳೆಯದಂತೆ.

ಕ್ರಿಸ್ಮಸ್! ಮನೆ ತುಂಬ ನೆಂಟರು, ಮಾಡಬೇಕಾದ ತಿಂಡಿಗಳು! ಜೀವನದಲ್ಲಿ ಮೊದಲ ಬಾರಿಗೆ ಹಾಲೆಂಡಿನವಳ ಹಾಗೆ ನೇರವಾಗಿ ನಿಂತೆ. “ಬೇಡ ಸರ್. ನನಗೆ ಆಗುವುದಿಲ್ಲ.”

ಪಾಠ ಬಾಯಿಪಾಠವಾದ ವಿದ್ಯಾರ್ಥಿಯ ಹಾಗೆ ಯಾನ್ ಸರ್ ಮುಖ ಅರಳಿತು. “ಮರ್ಯಾದೆಗೆ,” ಎಂದರು.

“ಇಲ್ಲ ಸರ್, ನಿಜವಾಗಿಯೂ ಬೇಡ!”

“ಅಭ್ಯಾಸಕ್ಕೆ,” ಎಂದರು. ಮತ್ತೆ ಕೇಳಲಿಲ್ಲ. ಬಡಿಸಿಬಿಟ್ಟರು.

ಹಾಗಾಗಿ ಕ್ರಿಸ್ಮಸ್ ದಿನದ ಈ ಮಧ್ಯಾಹ್ನ, ಖಾಲಿ ಕಚೇರಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಂದು ಬಿಲ್ಲೂ ಬಂದಿಲ್ಲ. ಹಸಿವು ಮಾತ್ರ ಬಂದಿದೆ. ಈಗ ತಾನೇ ಆಲ್ಬರ್ಟ್ ಫೋನ್ ಮಾಡಿ, ಊಟ ತಂದು ಕೊಡಲಾ ಎಂದು ಕೇಳಿದರು. ಅಯ್ಯೋ ಬೇಡ, ನೆಂಟರನ್ನು ಬಿಟ್ಟು ಅಷ್ಟು ದೂರ ಯಾಕೆ ಎಂದೆ.

“ಸರಿ,” ಎಂದು ಫೋನ್ ಇಟ್ಟರು.

ಎರಡನೆಯ ಸಲ ಕೇಳಿಯಾರು ಎಂದು ಫೋನ್ ಹಿಡಿದು ಕೂತಿದ್ದೇನೆ.